ಕಾರ್ಖಾನೆಗಿಂತ ಮೊದಲು ಮೂರನೇ ಇಯತ್ತೆ: ಕಲ್ಯಾಣ ಕರ್ನಾಟಕದ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಬೀದರಿನಿಂದ ಹೊಸಪೇಟೆಯವರೆಗೆ ಹರಡಿರುವ ಏಳು ಜಿಲ್ಲೆಗಳಲ್ಲಿ ಒಟ್ಟು 41 ವಿಧಾನಸಭಾ ಕ್ಷೇತ್ರಗಳಿವೆ. ಆಡಳಿತ ಪಕ್ಷ, ವಿರೋಧ ಪಕ್ಷ ಎಂಬ ಭೇದವಿಲ್ಲದೆ ಆ 41 ಮಂದಿಗೂ ಈ ಪತ್ರ. ವಿಷಯ ಒಂದೇ: ಈ ಸೀಮೆಯ ಮಕ್ಕಳ ಓದಿಗೂ ಈ ಸೀಮೆಯ ಜನರ ಗಳಿಕೆಗೂ ಇರುವ ನಂಟು.

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇ 91.12ರಷ್ಟು ಪಡೆದು ಮೊದಲ ಸ್ಥಾನದಲ್ಲಿತ್ತು. ಕಟ್ಟಕಡೆಯ ಸ್ಥಾನದಲ್ಲಿದ್ದ ಕಲಬುರಗಿಗೆ ಸಿಕ್ಕಿದ್ದು ಶೇ 42.43. ಹಿಂದಿನ ವರ್ಷ ಉಡುಪಿ ಶೇ 94ರೊಂದಿಗೆ ಮೊದಲು, ಯಾದಗಿರಿ ಶೇ 50.59ರೊಂದಿಗೆ ಕೊನೆ. ಜಿಲ್ಲೆಯ ಹೆಸರು ಬದಲಾಗುತ್ತದೆ, ಪಟ್ಟಿಯ ತಳದ ವಿಭಾಗ ಬದಲಾಗುವುದಿಲ್ಲ. ಫಲಿತಾಂಶ ಬಂದ ವಾರ ಏನು ನಡೆಯುತ್ತದೆ ಎಂಬುದೂ ತಮಗೆ ಗೊತ್ತಿರುವುದೇ. ಡಿಡಿಪಿಐಗೆ ನೋಟಿಸು, ಮುಖ್ಯಗುರುಗಳ ಸಭೆ, ವಿಶೇಷ ತರಗತಿಯ ಆದೇಶ, ಪತ್ರಿಕೆಗಳಲ್ಲಿ ಎರಡು ದಿನ ಚರ್ಚೆ. ಜೂನ್ ಬರುವಷ್ಟರಲ್ಲಿ ಬಿತ್ತನೆ ಬೀಜ, ಗೊಬ್ಬರದ ಗದ್ದಲ. ಅಲ್ಲಿಗೆ ಫಲಿತಾಂಶದ ಮಾತು ಮುಗಿಯಿತು.

ಈ ಪಟ್ಟಿಯನ್ನು ಶಿಕ್ಷಣ ಇಲಾಖೆಯ ಲೆಕ್ಕವೆಂದು ಓದುವುದೇ ತಪ್ಪು. ಇದು ಆರ್ಥಿಕ ಪಟ್ಟಿಯೂ ಹೌದು. ರಾಜ್ಯದ ಆರ್ಥಿಕ ಸಮೀಕ್ಷೆಗಳಲ್ಲಿ ತಲಾ ಆದಾಯದ ಕೋಷ್ಟಕ ತೆರೆದರೆ ಬೆಂಗಳೂರು ನಗರದ ಹಿಂದೆಯೇ ದಕ್ಷಿಣ ಕನ್ನಡ ನಿಂತಿರುತ್ತದೆ, ತಳದಲ್ಲಿ ಕಲಬುರಗಿ. ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಮೇಲಿನ ಹೆಸರುಗಳೂ ಕೆಳಗಿನ ಹೆಸರುಗಳೂ ಬಹುಪಾಲು ಹೊಂದುತ್ತವೆ. ಹತ್ತನೇ ತರಗತಿ ದಾಟದ ಹುಡುಗನಿಗೆ ಪಾಲಿಟೆಕ್ನಿಕ್ ಇಲ್ಲ, ಐಟಿಐನ ಒಳ್ಳೆಯ ಟ್ರೇಡುಗಳಿಲ್ಲ, ನರ್ಸಿಂಗ್ ಇಲ್ಲ, ಪೊಲೀಸ್ ಕಾನ್‌ಸ್ಟೆಬಲ್ ಅರ್ಜಿಯೂ ಇಲ್ಲ. ಹದಿನಾರನೇ ವಯಸ್ಸಿಗೆ ಅವನ ಮುಂದೆ ಉಳಿಯುವುದು ಹೊಲ, ಹಮಾಲಿ, ಇಲ್ಲವೇ ಗುಳೆ.

ಸಂಪತ್ತಿನ ಕೊರತೆಯೇ? ನೆಲ ನೋಡಿದರೆ ಹಾಗನ್ನಿಸುವುದಿಲ್ಲ. ಕಲಬುರಗಿ ತೊಗರಿಯ ಕಣಜ. ಅಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ವಾಡಿ, ಸೇಡಂ, ಶಹಾಬಾದ್ ಸುತ್ತ ಸುಣ್ಣದ ಕಲ್ಲು, ಅದರ ಮೇಲೆ ನಿಂತ ಸಿಮೆಂಟ್ ಕಾರ್ಖಾನೆಗಳು. ಹಟ್ಟಿಯಲ್ಲಿ ಚಿನ್ನ, ಸಂಡೂರಿನಲ್ಲಿ ಕಬ್ಬಿಣದ ಅದಿರು, ತೋರಣಗಲ್ಲಿನಲ್ಲಿ ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಒಂದು. ಶಕ್ತಿನಗರದ ವಿದ್ಯುತ್ತು 1985ರಿಂದ ರಾಜ್ಯಕ್ಕೆಲ್ಲ ಬೆಳಕು ಕೊಡುತ್ತಿದೆ. ತುಂಗಭದ್ರೆ, ಕೃಷ್ಣೆಯ ಕಾಲುವೆಗಳಡಿ ಭತ್ತ, ಹತ್ತಿ.

ಕರಾವಳಿಗೆ ಇದ್ಯಾವುದೂ ಇರಲಿಲ್ಲ. ಅಲ್ಲಿದ್ದದ್ದು ಮುರಕಲ್ಲು, ಜೇಡಿಮಣ್ಣು, ತುಂಡು ತುಂಡು ಗದ್ದೆ, ಮೀನು. ಆದರೂ ಅದು ಮುಂದೆ ಹೋದದ್ದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಅವರ ಉದ್ದೇಶ ಧರ್ಮಪ್ರಚಾರವಾಗಿತ್ತು ನಿಜ. ಆದರೆ ಶಾಲೆಯ ಜೊತೆಜೊತೆಗೇ ಮುದ್ರಣಾಲಯ, ಮಗ್ಗ, ಹೊಲಿಗೆ, ಮರಗೆಲಸಗಳೂ ಬಂದವು. 1843ರಲ್ಲಿ ಮಂಗಳೂರಿನಿಂದಲೇ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟಿತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು. ಜೇಡಿಮಣ್ಣು ಅದಕ್ಕೂ ಮೊದಲು ಸಾವಿರಾರು ವರ್ಷಗಳಿಂದ ಅಲ್ಲೇ ಬಿದ್ದಿತ್ತು. ಅದನ್ನು ಅಚ್ಚಿಗೆ ಹಾಕಿ, ಹದವಾಗಿ ಸುಟ್ಟು, ಹಡಗಿಗೆ ಏರಿಸುವ ಕೌಶಲ ಬಂದ ಮೇಲೆ ಮಂಗಳೂರು ಹೆಂಚು ಸಮುದ್ರ ದಾಟಿತು. 1880ರಲ್ಲಿ ಸೇಂಟ್ ಅಲೋಶಿಯಸ್ ಕಾಲೇಜು, 1921ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ಸೇಂಟ್ ಆಗ್ನೆಸ್ ಕಾಲೇಜು ತೆರೆದವು.

ಓದಿದವರ ಸಂಖ್ಯೆ ಹೆಚ್ಚಿದ ಅದೇ ನೆಲದಲ್ಲಿ ಬ್ಯಾಂಕುಗಳು ಹುಟ್ಟಿದ್ದು ಕಾಕತಾಳೀಯವಲ್ಲ. 1906ರಲ್ಲಿ ಮಂಗಳೂರಿನ ಅಮ್ಮೆಂಬಳ ಸುಬ್ಬರಾವ್ ಪೈ ಕೆನರಾ ಬ್ಯಾಂಕಿಗೆ, ಅದೇ ವರ್ಷ ಉಡುಪಿಯ ಹಾಜಿ ಅಬ್ದುಲ್ಲಾ ಕಾರ್ಪೊರೇಷನ್ ಬ್ಯಾಂಕಿಗೆ ಅಡಿಪಾಯ ಹಾಕಿದರು. 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಆಗಿನ ಅವಿಭಜಿತ ಒಂದೇ ಜಿಲ್ಲೆಯ ನೆಲದಿಂದ ಐದು ಬ್ಯಾಂಕು! ಲೆಕ್ಕ ಬಲ್ಲ, ಪತ್ರ ಬರೆಯಬಲ್ಲ, ಪರವೂರಿಗೆ ಹೋಗಿ ಶಾಖೆ ನಡೆಸಬಲ್ಲ ಹುಡುಗರು ಊರೂರಿನಲ್ಲೂ ಸಿಗುತ್ತಿದ್ದುದರಿಂದ ಅದು ಆಯಿತು. ಬ್ಯಾಂಕು ಆ ಹುಡುಗರಿಗೆ ಕೆಲಸ ಕೊಟ್ಟಿತು. ಅವರ ಸಂಬಳ ನೋಡಿದ ನೆರೆಮನೆಯವರು ತಮ್ಮ ಮಕ್ಕಳನ್ನೂ ಶಾಲೆ ಬಿಡಿಸಲಿಲ್ಲ. 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು, 1960ರಲ್ಲಿ ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಕಾಲೇಜು ಬರುವ ವೇಳೆಗೆ ಅಲ್ಲಿ ಪ್ರಾಥಮಿಕ ಶಾಲೆಗಳ ನೂರು ವರ್ಷದ ಬುನಾದಿ ಇತ್ತು. ಈ ಅನುಕ್ರಮವನ್ನು ತಾವು ಗಮನಿಸಬೇಕು.

ಬೆಂಗಳೂರಿನ ಕಥೆಯೂ ಬೇರೆಯಲ್ಲ. ‘ಐಟಿ ಕಂಪನಿಗಳು ಬಂದವು, ಊರು ಬೆಳೆಯಿತು’ ಎಂಬುದು ಅರ್ಧ ಸತ್ಯ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಸಂಸ್ಥಾನ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಶಾಸನ ತಂದಿತು. 1916ರಲ್ಲಿ ವಿಶ್ವವಿದ್ಯಾಲಯ, 1917ರಲ್ಲಿ ಎಂಜಿನಿಯರಿಂಗ್ ಕಾಲೇಜು. ಟಾಟಾ ಇನ್‌ಸ್ಟಿಟ್ಯೂಟ್ (ಇಂದಿನ ಭಾರತೀಯ ವಿಜ್ಞಾನ ಸಂಸ್ಥೆ) ಅದಕ್ಕೂ ಮೊದಲೇ ಇತ್ತು. 1940ರಲ್ಲಿ ವಿಮಾನ ಕಾರ್ಖಾನೆ ಬಂತು; 1943ರಲ್ಲಿ ಇಂದಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಶುರುವಾಯಿತು. ಟೆಲಿಫೋನ್ ಕಾರ್ಖಾನೆ, ಎಚ್‌ಎಂಟಿ, ಬಿಇಎಲ್‌ಗಳು 1948ರಿಂದ 1954ರೊಳಗೆ ಬಂದವು. ಈ ಕಾರ್ಖಾನೆಗಳು ತಮ್ಮದೇ ತರಬೇತಿ ಶಾಲೆಗಳಲ್ಲಿ ಫಿಟ್ಟರ್, ಟರ್ನರ್, ಟೂಲ್‌ಮೇಕರ್‌ಗಳನ್ನು ತಯಾರು ಮಾಡಿದವು. ಅಲ್ಲಿ ಪಳಗಿದವರಲ್ಲಿ ಎಷ್ಟೋ ಮಂದಿ ಹೊರಬಂದು ಪೀಣ್ಯದಲ್ಲಿ ಒಂದು ಲೇತ್ ಹಾಕಿಕೊಂಡು ಸ್ವಂತ ವರ್ಕ್‌ಶಾಪು ತೆರೆದರು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಅದಕ್ಕೆ ಬೇಕಾದ ಎಂಜಿನಿಯರುಗಳು ಇಲ್ಲೇ ಇದ್ದರು. 1917ರಿಂದ 1985ಕ್ಕೆ 68 ವರ್ಷ.

ಇವೆರಡೂ ದೂರದ ಉದಾಹರಣೆಯಾದವು ಎಂದರೆ ಬೆಳಗಾವಿಯನ್ನು ನೋಡಬಹುದು. 1916ರಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಕೆಎಲ್‌ಇ ಸಂಸ್ಥೆ ಕಟ್ಟಿದರು. 1933ರಲ್ಲಿ ಲಿಂಗರಾಜ ಕಾಲೇಜು, 1947ರಲ್ಲಿ ಹುಬ್ಬಳ್ಳಿಯ ಭೂಮರಡ್ಡಿ ಕಾಲೇಜು ಅದೇ ಸಂಸ್ಥೆಯಿಂದ ಬಂದವು. ಬೆಳಗಾವಿಯ ಉದ್ಯಮಬಾಗ್ ಸುತ್ತ ಫೌಂಡ್ರಿಗಳು ಬೆಳೆದವು. ಎರಕ ಹೊಯ್ಯುವ, ಮೆಷಿನಿಂಗ್ ಮಾಡುವ ಕೈಗಳು ತಲೆಮಾರುಗಳಿಂದ ತಯಾರಾದವು. ಇವತ್ತು ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯದಲ್ಲಿ ಏರ್‌ಬಸ್, ಬೋಯಿಂಗ್ ವಿಮಾನಗಳ ಬಿಡಿಭಾಗಗಳು ತಯಾರಾಗುತ್ತವೆ. ವಿಮಾನದ ಬಿಡಿಭಾಗ ಮಾಡುವ ಕಂಪನಿ ಬೆಂಗಳೂರು ಬಿಟ್ಟು ಹತ್ತರಗಿಯಲ್ಲಿ ನಿಂತಿತೆಂದರೆ ಅದಕ್ಕೆ ಹೆದ್ದಾರಿ ಮಾತ್ರ ಕಾರಣವಲ್ಲ. ಲೋಹದ ಕೆಲಸ ಬಲ್ಲವರು ಸುತ್ತಮುತ್ತ ಇದ್ದರು.

ಹಾಗಾದರೆ ಕಲ್ಯಾಣ ಕರ್ನಾಟಕದ ಹಿಂದುಳಿಯುವಿಕೆಗೆ ಜನರ ಆಲಸ್ಯ, ಬಿಸಿಲು, ಬರ ಎಂದೆಲ್ಲ ಕಾರಣ ಕೊಡುವವರಿಗೆ ಇತಿಹಾಸವನ್ನೇ ಉತ್ತರವಾಗಿ ಕೊಡಬೇಕು. ಮೈಸೂರು ಕಡ್ಡಾಯ ಶಿಕ್ಷಣದ ಶಾಸನ ಮಾಡುತ್ತಿದ್ದ ಕಾಲದಲ್ಲಿ ಈ ಜಿಲ್ಲೆಗಳಲ್ಲಿ ಬಹುಪಾಲು ನಿಜಾಮರ ಆಳ್ವಿಕೆಯಲ್ಲಿದ್ದವು. ಆಡಳಿತದ ಭಾಷೆ ಉರ್ದು, ಉನ್ನತ ಶಿಕ್ಷಣ ಉರ್ದುವಿನಲ್ಲಿ; 1918ರ ಉಸ್ಮಾನಿಯಾ ವಿಶ್ವವಿದ್ಯಾಲಯ ಹೈದರಾಬಾದಿನಲ್ಲಿ. ಕನ್ನಡದಲ್ಲಿ ಕಲಿಯಬೇಕೆಂದವರು ಸ್ವಂತ ಕೈಯಿಂದಲೇ ಶಾಲೆ ಕಟ್ಟಿಕೊಳ್ಳಬೇಕಾಗಿತ್ತು. 1907ರಲ್ಲಿ ಕಲಬುರಗಿಯ ನೂತನ ವಿದ್ಯಾಲಯ ಹುಟ್ಟಿದ್ದು ಹಾಗೆ. 1948ರ ಸೆಪ್ಟೆಂಬರ್ 17ರ ಬಿಡುಗಡೆ, 1956ರ ಏಕೀಕರಣ ಆದ ಮೇಲೆಯೇ ವೇಗ ಬಂದದ್ದು. ಮಹಾದೇವಪ್ಪ ರಾಂಪುರೆಯವರ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯೂ ಅದರ ಎಂಜಿನಿಯರಿಂಗ್ ಕಾಲೇಜೂ 1958ರಲ್ಲಿ ಬಂದವು. ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ.

ಅಂದರೆ ಓಟ ಶುರುವಾದಾಗಲೇ ಈ ಸೀಮೆ ಅರ್ಧ ಶತಮಾನ ಹಿಂದಿತ್ತು. ಪ್ರಾದೇಶಿಕ ಅಸಮತೋಲನ ಅಳೆದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅದನ್ನು ಅಂಕಿಗಳಲ್ಲಿ ಬರೆದಿಟ್ಟಿತು. ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವು. ಆ ವಿಭಾಗದಲ್ಲಿ ಆಗ ಇದ್ದದ್ದೇ 31 ತಾಲ್ಲೂಕು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75ರ ಮೇಲಿದ್ದಾಗ ರಾಯಚೂರು ಶೇ 60ರ ಆಸುಪಾಸಿನಲ್ಲಿತ್ತು, ಯಾದಗಿರಿ ಶೇ 52ರಲ್ಲಿ. ಯಾದಗಿರಿಯ ಹೆಣ್ಣುಮಕ್ಕಳಲ್ಲಿ ಓದುಬರಹ ಬಲ್ಲವರು ನೂರಕ್ಕೆ 41.

ಕೇಳದೆ ಏನೂ ಸಿಗಲಿಲ್ಲ, ಕೇಳಿದ್ದು ಸಿಕ್ಕಿತು. ವೈಜನಾಥ ಪಾಟೀಲರಂಥವರ ದಶಕಗಳ ಹೋರಾಟದ ಫಲವಾಗಿ ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ 371ಜೆ ವಿಧಿ ಬಂತು. ಈ ಭಾಗದ ವೃತ್ತಿಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70 ಸೀಟು, ಹೊರಗಿನ ಸಂಸ್ಥೆಗಳಲ್ಲಿ ಶೇ 8. ಸ್ಥಳೀಯ ಹುದ್ದೆಗಳಲ್ಲಿ ಎ, ಬಿ ವೃಂದಗಳಿಗೆ ಶೇ 75, ಸಿ ವೃಂದಕ್ಕೆ ಶೇ 80, ಡಿ ವೃಂದಕ್ಕೆ ಶೇ 85. ಕಲಬುರಗಿ, ರಾಯಚೂರು, ಬೀದರ, ಕೊಪ್ಪಳ, ಬಳ್ಳಾರಿ, ಯಾದಗಿರಿಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ, ರಾಯಚೂರಿನಲ್ಲಿ ಐಐಐಟಿ. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಉದ್ಘಾಟನೆಯಾದ ಜಯದೇವ ಹೃದ್ರೋಗ ಆಸ್ಪತ್ರೆಗೆ ವಿಧಿಯ ನೆನಪಿಗಾಗಿ 371 ಹಾಸಿಗೆಗಳನ್ನೇ ಇಡಲಾಯಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್ಟಿನಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ರೈತನ ಮಗಳು ಎಂಬಿಬಿಎಸ್ ಓದುತ್ತಿದ್ದಾಳೆ, ತಾಂಡಾದ ಹುಡುಗ ಎಂಜಿನಿಯರ್ ಆಗಿದ್ದಾನೆ. ಇದು ಸಣ್ಣ ಸಾಧನೆಯಲ್ಲ.

ಆದರೆ ಈ ಮನೆಗೆ ಮೇಲಿನ ಅಂತಸ್ತು ಚೆನ್ನಾಗಿ ಕಟ್ಟಲಾಗಿದೆ, ಕೆಳಗಿನ ಮೆಟ್ಟಿಲುಗಳೇ ಅರ್ಧ ಇಲ್ಲ. ಶೇ 70 ಮೀಸಲು ಸೀಟು ಪಿಯುಸಿ ವಿಜ್ಞಾನ ಮುಗಿಸಿದವರಿಗೆ. ಹತ್ತನೆಯಲ್ಲೇ ಬಿದ್ದ ಬಹುಸಂಖ್ಯೆಯ ಮಕ್ಕಳಿಗೆ 371ಜೆ ಎಂಬುದು ಪತ್ರಿಕೆಯಲ್ಲಿ ಬರುವ ಒಂದು ಪದ ಮಾತ್ರ. ಅವರು ಹತ್ತನೆಯಲ್ಲಿ ಬಿದ್ದದ್ದೂ ಹತ್ತನೆಯಲ್ಲಿ ಅಲ್ಲ. ಮೂರನೇ ಇಯತ್ತೆಯ ಹೊತ್ತಿಗೆ ಒಂದು ಪುಟ ಕನ್ನಡವನ್ನು ಸರಾಗವಾಗಿ ಓದಲು, ದಶಕ ಕೂಡಿಸಿ ಕಳೆಯಲು ಬಾರದ ಮಗು ನಾಲ್ಕರಿಂದ ಮುಂದೆ ಪ್ರತಿ ಪಾಠದಲ್ಲೂ ಹಿಂದೆ ಬೀಳುತ್ತದೆ. ಪರೀಕ್ಷೆಗೆ ಮೂರು ತಿಂಗಳಿರುವಾಗ ನಡೆಸುವ ವಿಶೇಷ ತರಗತಿ ಏಳು ವರ್ಷಗಳ ಕೊರತೆಯನ್ನು ತುಂಬಲಾರದು. ಅರ್ಥಶಾಸ್ತ್ರಜ್ಞರಾದ ಎರಿಕ್ ಹನುಷೆಕ್ ಮತ್ತು ಲುಡ್ಗರ್ ವೋಸ್ಮನ್ ಹಲವು ದೇಶಗಳ ಅಂಕಿಗಳನ್ನು ಇಟ್ಟುಕೊಂಡು ತೋರಿಸಿದ್ದೂ ಇದನ್ನೇ: ಒಂದು ನಾಡಿನ ಆರ್ಥಿಕ ಬೆಳವಣಿಗೆಗೆ ಜನ ಶಾಲೆಯಲ್ಲಿ ಎಷ್ಟು ವರ್ಷ ಕಳೆದರು ಎನ್ನುವುದಕ್ಕಿಂತ ಅಲ್ಲಿ ನಿಜವಾಗಿ ಏನು ಕಲಿತರು ಎನ್ನುವುದರ ನಂಟು ಗಟ್ಟಿ.

ಮೂರನೇ ಇಯತ್ತೆಗೆ ಬೇಕಾದ್ದು ಮುಖ್ಯವಾಗಿ ಶಿಕ್ಷಕರು. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರರವರೆಗೆ ನಡೆಯುವ ನಲಿಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರಿಂದಲೇ ರೂಪುಗೊಂಡದ್ದು. ಪ್ರತಿ ಮಗುವಿನ ಪಕ್ಕ ಕುಳಿತು ಕಲಿಸುವ ಶಿಕ್ಷಕ ಇದ್ದರೆ ಮಾತ್ರ ಅದು ನಡೆಯುತ್ತದೆ. ಈ ಭಾಗದಲ್ಲಿ ಸಾವಿರಾರು ಹುದ್ದೆ ಖಾಲಿ ಬಿದ್ದಿವೆ. ಶಾಲೆ ಶುರುವಾಗಿ ವಾರಗಳು ಕಳೆದ ಮೇಲೆ ಅತಿಥಿ ಶಿಕ್ಷಕರ ಆದೇಶ ಬರುತ್ತದೆ, ವರ್ಷ ಮುಗಿದೊಡನೆ ಅವರೂ ಹೊರಗೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ ಪ್ರಕಟವಾದಾಗ ಅದರಲ್ಲಿ 5,000 ಹುದ್ದೆ ಕಲ್ಯಾಣ ಕರ್ನಾಟಕದ್ದು. ಆದರೆ ರಾಜ್ಯದಲ್ಲಿ ಎಲ್ಲ ಹುದ್ದೆಗಳಿಗೂ ಅರ್ಹರು ಸಿಗಲಿಲ್ಲ. ಗಣಿತ ಕಲಿಸುವವರಿಲ್ಲದ ಶಾಲೆಯಿಂದ ಗಣಿತದ ಪದವೀಧರರು ಬರುವುದಿಲ್ಲ. ಪದವೀಧರರಿಲ್ಲದೆ ಮುಂದಿನ ತಲೆಮಾರಿಗೆ ಗಣಿತದ ಶಿಕ್ಷಕರಿಲ್ಲ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕಡಿಯಲೇಬೇಕು. ಹೊಸ ಕೊಠಡಿಯ ಗುದ್ದಲಿಪೂಜೆಗೆ ಹೋಗುವ ಶಾಸಕರು ‘ಈ ಕೋಣೆಯಲ್ಲಿ ಪಾಠ ಮಾಡುವವರು ಯಾರು?’ ಎಂದು ಅಲ್ಲಿಯೇ ಕೇಳಿದರೆ ಅದು ತಪ್ಪಾಗಲಾರದು.

ಇನ್ನು ಗುಳೆ. ಮಳೆ ಕೈಕೊಟ್ಟ ವರ್ಷ, ಕೆಲವೊಮ್ಮೆ ಮಳೆ ಬಂದ ವರ್ಷವೂ, ಯಾದಗಿರಿ, ಸುರಪುರ, ದೇವದುರ್ಗ, ಲಿಂಗಸುಗೂರು ಕಡೆಯ ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಕಂಕುಳಲ್ಲಿ ಕೂಸು, ಜೊತೆಗೆ ಐದನೇ ತರಗತಿಯ ಹುಡುಗಿ. ತಮ್ಮನನ್ನು ನೋಡಿಕೊಳ್ಳುವವರು ಬೇಕಲ್ಲ. ವಾಪಸು ಬರುವಾಗ ಪರೀಕ್ಷೆ ಮುಗಿದಿರುತ್ತದೆ.

ಕರಾವಳಿಯವರೂ ಊರು ಬಿಟ್ಟು ಮುಂಬಯಿಗೆ ಹೋದವರೇ. ಹೋಟೆಲಿನಲ್ಲಿ ಹಗಲೆಲ್ಲ ಲೋಟ ತೊಳೆದ ಹುಡುಗರು ಸಂಜೆ ಕನ್ನಡ ರಾತ್ರಿಶಾಲೆಗೆ ಹೋದರು. ಆ ಶಾಲೆಗಳನ್ನು ನಡೆಸಿದ್ದು ಅವರವರ ಸಮುದಾಯದ ಸಂಘಗಳು, ಹೋಟೆಲ್ ಮಾಲೀಕರ ದೇಣಿಗೆಗಳು. ಅಲ್ಲಿ ಮೆಟ್ರಿಕ್ ಮಾಡಿಕೊಂಡವರು ಗುಮಾಸ್ತರಾದರು, ವಕೀಲರಾದರು, ಮಾಲೀಕರಾದರು. ವಲಸೆ ಎರಡೂ ಕಡೆ ಇತ್ತು; ಒಂದು ಕಡೆ ಶಾಲೆಯೂ ಜೊತೆಗೆ ಹೋಯಿತು, ಇನ್ನೊಂದು ಕಡೆ ಶಾಲೆ ತಪ್ಪಿತು. ಗುಳೆ ಹೋಗುವವರ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳುವ ಋತುಮಾನದ ಹಾಸ್ಟೆಲುಗಳ ಯೋಜನೆ ಸರ್ಕಾರದಲ್ಲಿ ಹಳೆಯದು. ಅದು ದಸರೆಗೆ ಮೊದಲು ತೆರೆದರೆ ಉಪಯೋಗ. ಅನುದಾನ ಜನವರಿಯಲ್ಲಿ ಬಂದರೆ ಮಕ್ಕಳು ಅಷ್ಟರಲ್ಲಿ ಪುಣೆಯಲ್ಲಿರುತ್ತಾರೆ.

ಹಣವನ್ನು ಎಲ್ಲಿ ಹಾಕಬೇಕು ಎಂಬುದಕ್ಕೆ ಇಂಡೊನೇಷ್ಯಾದ ಒಂದು ಪಾಠವಿದೆ. 1973ರಿಂದ 1978ರ ನಡುವೆ ಆ ದೇಶ ಎಣ್ಣೆಯಿಂದ ಬಂದ ಹಣದಲ್ಲಿ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆ ಕಟ್ಟಿತು. ಪ್ರತಿ ಜಿಲ್ಲೆಗೂ ಸಮಪಾಲು ಹಂಚಲಿಲ್ಲ. ಎಲ್ಲಿ ಶಾಲೆಯ ಹೊರಗಿರುವ ಮಕ್ಕಳು ಹೆಚ್ಚೋ ಅಲ್ಲಿಗೆ ಹೆಚ್ಚು ಶಾಲೆ ಎಂಬುದು ಸೂತ್ರ. ಮುಂದೆ 2019ರಲ್ಲಿ ನೊಬೆಲ್ ಪಡೆದ ಎಸ್ತರ್ ಡುಫ್ಲೊ ಈ ಮಕ್ಕಳು ದೊಡ್ಡವರಾದ ಮೇಲಿನ ಲೆಕ್ಕ ಹಾಕಿದರು. ಸಾವಿರ ಮಕ್ಕಳಿಗೆ ಒಂದು ಶಾಲೆ ಹೆಚ್ಚಾದಲ್ಲಿ ಅವರ ಕೂಲಿ ಶೇ 1.5ರಿಂದ 2.7ರವರೆಗೆ ಏರಿತ್ತು. ನಮ್ಮಲ್ಲಿ ಅನುದಾನದ ಮಾತು ಬಂದಾಗ ಮೊದಲು ಕೇಳಿಬರುವ ಪ್ರಶ್ನೆ ‘ನನ್ನ ಕ್ಷೇತ್ರಕ್ಕೆ ಎಷ್ಟು?’ ಎಂಬುದು. ‘ಎಲ್ಲಿ ಮಕ್ಕಳು ಹಿಂದಿದ್ದಾರೆ?’ ಎಂಬ ಪ್ರಶ್ನೆ ಅದಕ್ಕಿಂತ ಮೊದಲು ಬರಬೇಕು. ಮಂಡಳಿಯ ಅನುದಾನದ ಕಾಲುಭಾಗವನ್ನು ಶಿಕ್ಷಣಕ್ಕೆ ತೆಗೆದಿಡುವ ‘ಅಕ್ಷರ ಆವಿಷ್ಕಾರ’ ಒಳ್ಳೆಯ ನಿರ್ಧಾರ. ಆ ಕಾಲುಭಾಗ ಕಾಂಪೌಂಡು, ಕಮಾನು, ಪೇವರ್ ಬ್ಲಾಕುಗಳಲ್ಲಿ ಕರಗಬಾರದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವೂ ಹೌದು. ‘ಓದಿಸಿದರೆ ಏನಾಯಿತು, ಓದಿದವರೆಲ್ಲ ಬೆಂಗಳೂರಿಗೆ ಹೋಗುತ್ತಾರೆ; ಇಲ್ಲಿ ಕೆಲಸವೆಲ್ಲಿದೆ?’ ಸಾಕ್ಷರತೆಯಲ್ಲಿ ದೇಶಕ್ಕೇ ಮುಂದಿದ್ದ ಕೇರಳ ತನ್ನ ನರ್ಸು, ಎಲೆಕ್ಟ್ರಿಷಿಯನ್ನುಗಳನ್ನು ದಶಕಗಳ ಕಾಲ ಕೊಲ್ಲಿ ದೇಶಗಳಿಗೆ ಕಳಿಸಬೇಕಾಯಿತು. ಓದು ತಾನಾಗಿಯೇ ಕಾರ್ಖಾನೆ ತರುವುದಿಲ್ಲ. ಅದರ ತಿರುವುಮುರುವೂ ನಿಜ: ಕಾರ್ಖಾನೆ ತಾನಾಗಿಯೇ ಸ್ಥಳೀಯರಿಗೆ ಗಳಿಕೆ ತರುವುದಿಲ್ಲ. ಯಾದಗಿರಿಯ ಕಡೇಚೂರಿನಲ್ಲಿ ಕೈಗಾರಿಕೆಗೆಂದು ಮೂರು ಸಾವಿರಕ್ಕೂ ಹೆಚ್ಚು ಎಕರೆ ಪಡೆಯಲಾಯಿತು. ಭೂಮಿ ಕೊಟ್ಟವರ ಮಕ್ಕಳು ಗೇಟಿನ ಬಳಿ ಸೆಕ್ಯುರಿಟಿ, ಒಳಗೆ ಲೋಡಿಂಗ್; ಲ್ಯಾಬಿನ ಕೆಲಸ ಹೊರಗಿನವರದು ಎಂಬ ಅಳಲು ಅಲ್ಲಿ ಮಾತ್ರವಲ್ಲ, ಸಿಮೆಂಟ್ ಊರುಗಳಲ್ಲೂ ಉಕ್ಕಿನ ಊರುಗಳಲ್ಲೂ ಕೇಳಿಬರುತ್ತದೆ. ಇಂದಿನ ಸಿಮೆಂಟ್ ಗೂಡು ಕಂಟ್ರೋಲ್ ರೂಮಿನಿಂದ ನಡೆಯುತ್ತದೆ; ಅಲ್ಲಿ ಕೂರುವವನಿಗೆ ಕನಿಷ್ಠ ಡಿಪ್ಲೊಮಾ ಬೇಕು.

ಆದ್ದರಿಂದ ಎರಡನ್ನೂ ಒಂದೇ ಕಾಗದದ ಮೇಲೆ ಬರೆಯಬೇಕು. 2024ರ ಜುಲೈನಲ್ಲಿ ಸ್ಥಳೀಯರಿಗೆ ಖಾಸಗಿ ಉದ್ಯೋಗದಲ್ಲಿ ಮೀಸಲಾತಿ ಕೊಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಿಗಳ ವಿರೋಧದ ನಂತರ ಅದನ್ನು ತಡೆಹಿಡಿಯಿತು. ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಎಂಬ ಅಂಕಿಯ ಬಗ್ಗೆ ದೊಡ್ಡ ಜಗಳವಾಯಿತು. ಅದರೊಳಗಿನ ಇನ್ನೊಂದು ಸಾಲಿನ ಬಗ್ಗೆ ಯಾರೂ ಹೆಚ್ಚು ಮಾತನಾಡಲಿಲ್ಲ: ಅರ್ಹ ಸ್ಥಳೀಯರು ಸಿಗದಿದ್ದರೆ ಸರ್ಕಾರದ ನೆರವಿನೊಂದಿಗೆ ಮೂರು ವರ್ಷದೊಳಗೆ ಅವರಿಗೆ ತರಬೇತಿ ಕೊಡಬೇಕು. ಶೇಕಡಾವಾರಿನ ಜಗಳವನ್ನು ಬದಿಗಿಟ್ಟು ಆ ಒಂದು ಸಾಲನ್ನು ಎತ್ತಿಕೊಂಡರೂ ಸಾಕಿತ್ತು.

ಅದಕ್ಕೆ ಹೊಸ ಕಾನೂನೂ ಬೇಕಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಇದೆ. 30 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ತನ್ನ ಬಲದ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಜಿಲ್ಲೆಯ ಯಾವ ಕಾರ್ಖಾನೆಯಲ್ಲಿ ಎಷ್ಟು ಅಪ್ರೆಂಟಿಸ್‌ಗಳಿದ್ದಾರೆ, ಅವರಲ್ಲಿ ಈ ಜಿಲ್ಲೆಯವರೆಷ್ಟು ಎಂಬುದನ್ನು ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮದ (ಕೆಡಿಪಿ) ಸಭೆಯಲ್ಲಿ ಕೇಳುವ ಅಧಿಕಾರ ಶಾಸಕರಿಗಿದೆ. ಅಲ್ಲಿ ರಸ್ತೆ, ಬೋರ್‌ವೆಲ್‌ಗಳ ಚರ್ಚೆ ಗಂಟೆಗಟ್ಟಲೆ ನಡೆಯುತ್ತದೆ. ಐಟಿಐ ಪ್ರಾಂಶುಪಾಲರನ್ನೂ ಕಾರ್ಖಾನೆಯ ಎಚ್‌ಆರ್ ಅಧಿಕಾರಿಯನ್ನೂ ಎದುರುಬದುರು ಕೂರಿಸಿದ ಸಭೆಗಳು ಎಷ್ಟು ನಡೆದಿವೆ?

ಸಾಮಗ್ರಿಯೂ ಇದೆ. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಸುಮಾರು 4,636 ಕೋಟಿ ರೂಪಾಯಿ ವೆಚ್ಚದಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳು ಮೇಲ್ದರ್ಜೆಗೇರಿವೆ. ಸಿಎನ್‌ಸಿ, ರೋಬೊಟಿಕ್ಸ್ ಯಂತ್ರಗಳು ಬಂದಿವೆ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇಂದು ಈ ಭಾಗಕ್ಕೂ ಬಂದಿದೆ. ಅಲ್ಲಿ ಕಲಿತ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದವರು ಕೆಲಸಕ್ಕಾಗಿ ಅಲೆಯುವುದು ಅಪರೂಪ. ಕಾರಣ ಸರಳ: ಅಲ್ಲಿನ ಹುಡುಗರು ಪಾಠದ ಜೊತೆಗೆ ಗಿರಾಕಿಗಳ ನಿಜವಾದ ಆರ್ಡರುಗಳ ಮೇಲೆ ಕೆಲಸ ಕಲಿಯುತ್ತಾರೆ. ತಪ್ಪು ಮಾಡಿದರೆ ಪೀಸು ರಿಜೆಕ್ಟ್ ಆಗುತ್ತದೆ.

ಯಾವ ಕೌಶಲ ಎಂಬುದನ್ನು ಊರು ನೋಡಿ ತೀರ್ಮಾನಿಸಬೇಕು. ಎಲ್ಲ ಐಟಿಐಗಳಲ್ಲೂ ಎಲೆಕ್ಟ್ರಿಷಿಯನ್, ಫಿಟ್ಟರ್ ಎಂಬ ಅದೇ ಎರಡು ಬೋರ್ಡು ಯಾಕೆ? ಬಳ್ಳಾರಿಯ ಜೀನ್ಸ್ ಹೊಲಿಗೆಯನ್ನು ಯಾವ ಕಾಲೇಜೂ ಕಲಿಸಲಿಲ್ಲ. ದಂಡಿನಲ್ಲಿ ಸೈನಿಕರ ಉಡುಪು ಹೊಲಿಯುತ್ತಿದ್ದ ದರ್ಜಿ ಮನೆತನಗಳಿಂದ ಬಂದದ್ದು ಎಂದು ಊರಿನವರು ಹೇಳುತ್ತಾರೆ. ಹೊಲಿಗೆ ಇದೆ, ಪ್ಯಾಟರ್ನ್ ತೆಗೆಯುವ, ವಾಷಿಂಗ್ ಘಟಕದ ಕೊಳೆನೀರು ಶುದ್ಧ ಮಾಡುವ, ಸ್ವಂತ ಬ್ರ್ಯಾಂಡು ಮಾರುವ ವಿದ್ಯೆ ಇನ್ನೂ ಬರಬೇಕು. ಬೀದರಿನ ಬಿದ್ರಿ ಕುಸುರಿಗೆ 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿಯವರ ಮೂಲಕ ಪದ್ಮಶ್ರೀ ಸಿಕ್ಕಿತು. ಆದರೆ ಆ ಕಸುಬು ಕಲಿತ ಹುಡುಗನ ಕೈಯಲ್ಲಿ ಬ್ಯಾಂಕಿಗೂ ಕಂಪನಿಗೂ ತೋರಿಸಲು ಒಂದು ಪ್ರಮಾಣಪತ್ರವಾದರೂ ಇರಬೇಡವೇ? ತೊಗರಿ ದಾಲ್ ಮಿಲ್ಲುಗಳಿಗೆ ಯಂತ್ರ ದುರಸ್ತಿ, ಗುಣಮಟ್ಟ ಪರೀಕ್ಷೆ, ಪ್ಯಾಕಿಂಗ್ ಬಲ್ಲವರು ಬೇಕು. ಕೊಪ್ಪಳದ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್ ನಿಂತಿದೆ. ಕಿನ್ನಾಳದ ಗೊಂಬೆ ಮಾಡುವವರು ಅಲ್ಲಿಂದ ಹೆಚ್ಚು ದೂರದಲ್ಲಿಲ್ಲ.

ಎಲ್ಲಕ್ಕಿಂತ ತುರ್ತಿನದು ಕಲಬುರಗಿಯ ಜವಳಿ ಪಾರ್ಕು. ಪಿಎಂ ಮಿತ್ರ ಯೋಜನೆಯಡಿ 2023ರಲ್ಲಿ ಘೋಷಣೆಯಾದ ಈ ಪಾರ್ಕಿಗೆ ಹೊನ್ನಕಿರಣಗಿ ಬಳಿ ಸಾವಿರ ಎಕರೆ. ಇಂಥ ಪ್ರತಿ ಪಾರ್ಕಿನಿಂದ ಒಂದು ಲಕ್ಷ ನೇರ ಉದ್ಯೋಗ ಎಂಬುದು ಕೇಂದ್ರದ ಅಂದಾಜು. ಗಾರ್ಮೆಂಟ್ ಕೆಲಸದಲ್ಲಿ ಬಹುಪಾಲು ಹೆಣ್ಣುಮಕ್ಕಳು. ಪಾರ್ಕಿನ ಯಂತ್ರಗಳು ಓಡುವ ದಿನ ಮೆಷಿನ್ ಆಪರೇಟರ್ ಮಾತ್ರವಲ್ಲ, ಲೈನ್ ಸೂಪರ್‌ವೈಸರ್, ಕ್ವಾಲಿಟಿ ಇನ್‌ಸ್ಪೆಕ್ಟರ್ ಕೂಡ ಆಳಂದ, ಚಿತ್ತಾಪುರ, ಜೇವರ್ಗಿಯ ಹೆಣ್ಣುಮಕ್ಕಳೇ ಆಗಬೇಕೆಂದರೆ ಇಂದು ಎಂಟನೇ ತರಗತಿಯಲ್ಲಿರುವ ಹುಡುಗಿ ಶಾಲೆ ಬಿಡಬಾರದು. 2023ರ ಜೂನಿನಿಂದ ಬಸ್ಸಿನ ಟಿಕೆಟ್ಟು ಅವಳಿಗೆ ಉಚಿತ. ಹಳ್ಳಿಗೆ ಬೆಳಿಗ್ಗೆ ಎಂಟಕ್ಕೂ ಸಂಜೆ ಐದಕ್ಕೂ ಬಸ್ಸು ಬರುವಂತೆ ನೋಡಿಕೊಳ್ಳುವುದು, ತಾಲ್ಲೂಕು ಕೇಂದ್ರದಲ್ಲಿ ಹಾಸ್ಟೆಲ್ ಹಾಸಿಗೆ ಸಿಗುವಂತೆ ಮಾಡುವುದು ಶಾಸಕರ ಕೈಯಲ್ಲಿರುವ ಕೆಲಸ.

ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ರಚನೆಯಾಯಿತು. ನಂಜುಂಡಪ್ಪ ವರದಿ ಬಂದ ವರ್ಷ ಹುಟ್ಟಿದ ಮಗುವಿಗೆ ಈಗ ಇಪ್ಪತ್ತು ದಾಟಿದೆ. ಆ ಮಗು ಮೂರನೇ ಇಯತ್ತೆಯಲ್ಲಿದ್ದಾಗ ಶಿಕ್ಷಕರಿದ್ದಿದ್ದರೆ ಇಂದು ಅದು ಕೌಶಲದ ಲೆಕ್ಕಕ್ಕೆ ಸೇರುತ್ತಿತ್ತು. ವರದಿಗಳ ಹಿಂದೆ ವರದಿ ಬರಲಿ. ಆದರೆ ಈಗ ಒಂದನೇ ತರಗತಿಗೆ ಸೇರುವ ಮಗು ದುಡಿಯುವ ವಯಸ್ಸಿಗೆ ಬರಲು ಹದಿನೈದು ವರ್ಷ ಬೇಕು, ಶಾಸಕರ ಅವಧಿ ಐದೇ ವರ್ಷ. ಈ ಕೆಲಸ ಮಾಡಿದವರ ಹೆಸರು ಉದ್ಘಾಟನೆಯ ಕಲ್ಲಿನ ಮೇಲೆ ಬರುವುದಿಲ್ಲ ಎಂಬುದೂ ನಿಜ.

ಆದ್ದರಿಂದ ತಮ್ಮಲ್ಲಿ ನಾಲ್ಕು ಬೇಡಿಕೆ. ಮಂಡಳಿಯ ಮುಂದಿನ ಕ್ರಿಯಾಯೋಜನೆಯಲ್ಲಿ ಕಟ್ಟಡಕ್ಕಿಂತ ಮೊದಲು ಖಾಲಿ ಶಿಕ್ಷಕ ಹುದ್ದೆಗಳ ಭರ್ತಿ, ಅದರಲ್ಲೂ ಗಣಿತ, ವಿಜ್ಞಾನ, ಇಂಗ್ಲಿಷ್ ಶಿಕ್ಷಕರ ತಯಾರಿಗೆ ಹಣ ಇಡಿಸಿ. ಶಿಕ್ಷಣದ ಅನುದಾನವನ್ನು ಕ್ಷೇತ್ರವಾರು ಪಾಲಿನಂತೆ ಅಲ್ಲ, ಹಿಂದುಳಿದ ಮಕ್ಕಳ ಸಂಖ್ಯೆಯಂತೆ ಹಂಚಲು ಒಪ್ಪಿಕೊಳ್ಳಿ. ತಮ್ಮ ಕ್ಷೇತ್ರಕ್ಕೆ ಕಡಿಮೆ ಬಂದರೂ ಒಪ್ಪಿಕೊಳ್ಳಿ. ಗುಳೆ ಮಕ್ಕಳ ಹಾಸ್ಟೆಲ್‌ಗಳನ್ನು ದಸರೆಗೆ ಮೊದಲು ತೆರೆಸಿ. ಮತ್ತು ಯಾವ ಕಾರ್ಖಾನೆಗೆ ಎಕರೆ ಕೊಡುವಾಗಲೂ ಅದೇ ಒಪ್ಪಂದದಲ್ಲಿ ಹತ್ತಿರದ ಐಟಿಐ ಹೆಸರು, ಟ್ರೇಡು, ವರ್ಷಕ್ಕೆ ತೆಗೆದುಕೊಳ್ಳುವ ಅಪ್ರೆಂಟಿಸ್‌ಗಳ ಸಂಖ್ಯೆ ಬರೆಸಿ, ವರ್ಷಕ್ಕೊಮ್ಮೆ ಅದರ ಲೆಕ್ಕ ಸದನದಲ್ಲಿ ಕೇಳಿ. 371ಜೆ ಪ್ರಕಾರ ಮಂಡಳಿಯ ಕೆಲಸದ ವರದಿ ಪ್ರತಿ ವರ್ಷ ವಿಧಾನಸಭೆಯ ಮುಂದೆ ಬರಲೇಬೇಕು. ಆ ದಿನ 41 ಮಂದಿಯೂ ಪಕ್ಷ ಮರೆತು ಸದನದಲ್ಲಿರಿ, ಈ ಪ್ರಶ್ನೆಗಳನ್ನು ಕೇಳಿ, ಉತ್ತರ ಸಿಗುವವರೆಗೆ ಕೂರಬೇಡಿ.